ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಇಟ್ಟುಕೊಂಡು ದಿನವಿಡೀ ಟೈಪ್ ಮಾಡೋರಿಗೆ ಎರಡು ಹೋಳಿನ ಕೀಬೋರ್ಡ್ ಉಪಯೋಗ ಆಗುತ್ತಾ?

ಶಾರದಾ_ಡಿಟಿಪಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಕೋರ್ಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಾವಾ, ತಕರಾರು ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ನಡುವೆ ಯಾರದ್ದೋ ಲಗ್ನಪತ್ರಿಕೆ, ಎಲ್ಲಾ ಕನ್ನಡದಲ್ಲೇ, ಎಲ್ಲಾ ನುಡಿಯಲ್ಲೇ. ವಕೀಲರು ಬೆಳಿಗ್ಗೆ ಬಂದು "ಈಗ ಕೋರ್ಟ್ ಕೂಡ್ತದ, ಲಗೂನ ಹೊಡಿಯವ್ವಾ" ಅಂತ ಪಕ್ಕದಲ್ಲೇ ನಿಂತುಬಿಡ್ತಾರೆ. ಆಗ ಕೈ ಹೇಗಿದೆ, ಕೂತಿರೋದು ಹೇಗೆ ಅಂತ ಯಾರು ನೋಡ್ತಾರೆ?

ಈಗ ಸಮಸ್ಯೆ ಏನಂದ್ರೆ ಎಡಗೈ ಕಿರುಬೆರಳು ಮಧ್ಯಾಹ್ನದ ಹೊತ್ತಿಗೆ ಉರಿಯೋಕೆ ಶುರು ಆಗುತ್ತೆ. ಮಣಿಕಟ್ಟು ಹೊರಗಡೆ ಬಾಗಿದ ಹಾಗೇ ಇರುತ್ತೆ, ಸಂಜೆ ರೊಟ್ಟಿ ತಟ್ಟೋವಾಗ ಗೊತ್ತಾಗುತ್ತೆ. ರಾತ್ರಿ ಒಮ್ಮೊಮ್ಮೆ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ.

ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದಾಗ ಫೋನಿನಲ್ಲಿ ಒಂದು ಕೀಬೋರ್ಡ್ ತೋರಿಸಿದ. ನಡುವೆ ಸೀಳಿ ಎರಡು ಹೋಳು ಮಾಡಿದ್ದು. ಒಂದೊಂದು ಕೈಗೆ ಒಂದೊಂದು. ಇಂಗ್ಲಿಷಿನಲ್ಲಿ ಪ್ರೋಗ್ರಾಂ ಬರೆಯೋರು ಇದನ್ನ ತುಂಬಾ ಹೊಗಳ್ತಾರಂತೆ. ಆದ್ರೆ ಕನ್ನಡ ಹೊಡೆಯೋರಿಗೆ ಹೇಗೆ? ನುಡಿ ಅದರಲ್ಲಿ ನಡೆಯುತ್ತಾ? 5 ಸಾವಿರದೊಳಗೆ ಏನಾದ್ರೂ ಸಿಗುತ್ತಾ? ಅಂಗಡಿಯ ಕಂಪ್ಯೂಟರ್ ಮಾಲೀಕರದ್ದು, ಅದರಲ್ಲಿ ಹೊಸ ಸಾಫ್ಟ್‌ವೇರ್ ಹಾಕೋಕೆ ಅವರು ಒಪ್ಪಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಬೀದರ್_ಬೆಸುಗೆ

ಶಾರದಕ್ಕಾ, ನಮಸ್ಕಾರ. ನಾನು ಬೀದರ್‌ನಲ್ಲಿ ಕೂತು ಹೈದರಾಬಾದಿನ ಕಂಪನಿಗೆ ಕೆಲಸ ಮಾಡ್ತೀನಿ, ಇಂಥ ಕೀಬೋರ್ಡುಗಳನ್ನ ಬೆಸುಗೆ ಹಾಕಿ ಕೂಡಿಸೋ ಹುಚ್ಚು ಇದೆ. ಇದು ಹೊಸದೇನಲ್ಲ. ಕಿನೆಸಿಸ್ ಅನ್ನೋ ಕಂಪನಿಯವರು 1992ರಲ್ಲೇ ಎರಡು ಬಟ್ಟಲಿನಾಕಾರದ್ದು ಮಾಡಿದ್ದರು, ಮೈಕ್ರೋಸಾಫ್ಟ್ 1994ರಲ್ಲಿ ನಡು ಉಬ್ಬಿದ ನ್ಯಾಚುರಲ್ ಕೀಬೋರ್ಡ್ ತಂದಿತ್ತು.

ಉಪಯೋಗ ಮೂರು ಕಡೆಯಿಂದ. ಹೋಳುಗಳನ್ನ ಭುಜದ ಅಗಲಕ್ಕೆ ದೂರ ಇಡಬಹುದು, ಆಗ ಮಣಿಕಟ್ಟು ಹೊರಗೆ ಬಾಗಲ್ಲ. ಒಳಗಿನ ಅಂಚನ್ನ ಸ್ವಲ್ಪ ಎತ್ತರಿಸಿದ್ರೆ ಮುಂಗೈ ಅಷ್ಟು ತಿರುಚಿಕೊಳ್ಳಲ್ಲ. ಮೂರನೆಯದು ಹೆಬ್ಬೆರಳು, ನನ್ನ ಕೇಳಿದ್ರೆ ನಿಮಗೆ ಬೇಕಾಗಿರೋದು ಅದೇ. ಮಾಮೂಲಿ ಕೀಬೋರ್ಡಿನಲ್ಲಿ ಎರಡು ಹೆಬ್ಬೆರಳಿಗೂ ಸೇರಿ ಒಂದೇ ಸ್ಪೇಸ್‌ಬಾರ್. ಅಷ್ಟು ಗಟ್ಟಿ ಬೆರಳು ಸುಮ್ನೆ ಕೂತಿರುತ್ತೆ, ಎಲ್ಲಕ್ಕಿಂತ ಸಣ್ಣ ಬೆರಳು ಶಿಫ್ಟ್, ಕಂಟ್ರೋಲ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲಾ ಹೊರುತ್ತೆ. ಹೋಳು ಕೀಬೋರ್ಡಿನಲ್ಲಿ ಹೆಬ್ಬೆರಳಿಗೆ ಮೂರು ನಾಲ್ಕು ಕೀ ಇರ್ತವೆ. ಎಡ ಹೆಬ್ಬೆರಳಿಗೆ ಶಿಫ್ಟ್, ಬಲಕ್ಕೆ ಸ್ಪೇಸ್ ಹಾಕಿಕೊಂಡ್ರೆ ಕಿರುಬೆರಳಿಗೆ ರಜೆ ಸಿಕ್ಕ ಹಾಗೆ.

ನುಡಿ ನಡೆಯುತ್ತಾ ಅಂದ್ರಲ್ಲ, ನಡೆಯುತ್ತೆ. ಯಾವ ಕೀಗೆ ಏನು ಅನ್ನೋದು ಕೀಬೋರ್ಡಿನ ಒಳಗಿನ ಚಿಪ್‌ನಲ್ಲೇ ಬರೆದಿರುತ್ತೆ (ಕ್ಯೂಎಂಕೆ ಅಂತ ಅದರ ಫರ್ಮ್‌ವೇರ್, ಅಂದ್ರೆ ಚಿಪ್ ಒಳಗೇ ಕೂರೋ ಸಾಫ್ಟ್‌ವೇರ್, ಪುಕ್ಕಟೆ). ಕಂಪ್ಯೂಟರಿಗೆ ಅದು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ತರಾನೇ ಕಾಣುತ್ತೆ. ನಿಮ್ಮ ಮಾಲೀಕರ ಕಂಪ್ಯೂಟರಿನಲ್ಲಿ ಏನೂ ಹಾಕಬೇಕಿಲ್ಲ.

ಈಗ ದುಡ್ಡಿನ ಮಾತು. ಮೂನ್‌ಲ್ಯಾಂಡರ್, ಅಡ್ವಾಂಟೇಜ್ 360 ಅನ್ನೋ ಕೂಡಿಸಿದ ಹೋಳು ಕೀಬೋರ್ಡುಗಳೆಲ್ಲಾ 300 ಡಾಲರಿನ ಮೇಲೆ, ಮೇಲೆ ಕಸ್ಟಮ್ಸ್ ಸುಂಕ. ಅವನ್ನ ಮರೆತುಬಿಡಿ. ಕೋರ್ನೆ, ಲಿಲಿ58, ಸೋಫ್ಲೆ ಅಂತ ಇವೆ, ಇವುಗಳ ಬೋರ್ಡಿನ ನಕ್ಷೆ ಎಲ್ಲರಿಗೂ ಬಿಟ್ಟಿ ಸಿಗುತ್ತೆ, ಬಿಡಿ ಭಾಗ ತರಿಸಿ ಕೂಡಿಸಿಕೊಂಡ್ರೆ ಖರ್ಚು ಕಡಿಮೆ. ಕೂಡಿಸಿದ್ದೇ ಬೇಕು ಅಂದ್ರೆ 5 ಸಾವಿರದಲ್ಲಿ ಕಷ್ಟ.

ನೋಡೋಕೆ ಚೆಂದ ಅಂತ ಎಲ್ಲರೂ ಕೋರ್ನೆ ಹೇಳ್ತಾರೆ. ನಿಮಗೆ ಅದು ಬೇಡ. ಅದರಲ್ಲಿ ಇರೋದು 42 ಕೀ, ಅಂಕಿಗಳ ಸಾಲೇ ಇಲ್ಲ, ಅಂಕಿ ಬೇಕಂದ್ರೆ ಇನ್ನೊಂದು ಕೀ ಹಿಡಿದುಕೊಂಡು ಒತ್ತಬೇಕು. ಸರ್ವೆ ನಂಬರ್, ಕಲಂ, ತಾರೀಖು, ಎಕರೆ-ಗುಂಟೆ ತುಂಬಿದ ದಾವಾ ಹೊಡೆಯೋರಿಗೆ ಅದು ತಲೆನೋವು. ಲಿಲಿ58 ಅಥವಾ ಸೋಫ್ಲೆ ನೋಡಿ, ಎರಡಕ್ಕೂ ಅಂಕಿ ಸಾಲಿದೆ.

ಆದ್ರೆ ದುಡ್ಡು ಹಾಕೋ ಮೊದಲು ಒಂದು ಪುಕ್ಕಟೆ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಹಳೇ ಕೀಬೋರ್ಡ್ ಇನ್ನೊಂದು ಬಿದ್ದಿರುತ್ತಲ್ಲ, ಅದನ್ನೂ ಅದೇ ಕಂಪ್ಯೂಟರಿಗೆ ಚುಚ್ಚಿ. ಎಡಗೈಗೆ ಒಂದು, ಬಲಗೈಗೆ ಒಂದು. ಒಂದರ ಶಿಫ್ಟ್ ಹಿಡಿದು ಇನ್ನೊಂದರ ಅಕ್ಷರ ಒತ್ತಿದ್ರೂ ವಿಂಡೋಸ್ ಒಪ್ಪಿಕೊಳ್ಳುತ್ತೆ. ಟೇಬಲ್ ಮೇಲೆ ಜಾಗ ತಿನ್ನುತ್ತೆ, ನೋಡಿದೋರು ನಗ್ತಾರೆ, ಆದ್ರೆ ಕೈ ದೂರ ಇಟ್ಟು ಹೊಡೆದ್ರೆ ಭುಜಕ್ಕೆ ಏನನ್ನಿಸುತ್ತೆ ಅನ್ನೋದು ಅರ್ಧ ದಿನದಲ್ಲಿ ಗೊತ್ತಾಗುತ್ತೆ.

ಯಾದಗಿರಿ_ಟೈಪಿಂಗ್_ಮಾಸ್ತರ್

ತಂಗೀ, ನಾನು ಯಾದಗಿರಿಯಲ್ಲಿ ಬಹಳ ವರ್ಷ ಟೈಪಿಂಗ್ ಕಲಿಸಿದವನು. ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗರನ್ನ ತಯಾರು ಮಾಡಿದ್ದೇನೆ. ಬೀದರಿನ ತಮ್ಮ ಕೀಬೋರ್ಡ್ ಮಾರೋ ಗಡಿಬಿಡಿಯಲ್ಲಿ ಮೂಲ ಪ್ರಶ್ನೆ ಕೇಳಲಿಲ್ಲ. ನೀವು ಬಲಗಡೆ ಶಿಫ್ಟ್ ಉಪಯೋಗಿಸ್ತೀರಾ?

ಎಡ ಕಿರುಬೆರಳು ಅಂದ ಕೂಡಲೇ ನನಗೆ ಅನುಮಾನ ಬಂತು. ನುಡಿಯ ಕೆ.ಪಿ. ರಾವ್ ವಿನ್ಯಾಸದಲ್ಲಿ (ಯಾವ ಕೀಗೆ ಯಾವ ಅಕ್ಷರ ಅನ್ನೋ ಜೋಡಣೆ) ದೀರ್ಘ ಬೇಕಂದ್ರೆ ಶಿಫ್ಟ್, ಮಹಾಪ್ರಾಣ ಬೇಕಂದ್ರೆ ಶಿಫ್ಟ್, ಣ ಳ ಶ ಗೂ ಶಿಫ್ಟ್. ನೀವು ದಿನಾ ಹೊಡೆಯೋ ಶಬ್ದವನ್ನೇ ತಗೊಳ್ಳಿ, ನ್ಯಾಯಾಧೀಶರ. ಎನ್, ಎಫ್ (ಒತ್ತಕ್ಷರಕ್ಕೆ), ವೈ, ಶಿಫ್ಟ್ ಎ, ವೈ, ಶಿಫ್ಟ್ ಎ, ಶಿಫ್ಟ್ ಡಿ, ಶಿಫ್ಟ್ ಐ, ಶಿಫ್ಟ್ ಎಸ್, ಆರ್. ಹತ್ತು ಹೊಡೆತ, ಅದರಲ್ಲಿ ಐದಕ್ಕೆ ಶಿಫ್ಟ್. ಆ ಐದರಲ್ಲಿ ನಾಲ್ಕು ಎಡಗೈ ಕೀಗಳು. ಎ ಅಂತೂ ಎಡ ಕಿರುಬೆರಳಿನದೇ ಮನೆ. ಎಡ ಶಿಫ್ಟ್ ಒಂದನ್ನೇ ನಂಬಿದೋರು ಏನು ಮಾಡ್ತಾರೆ? ಕಿರುಬೆರಳನ್ನ ಶಿಫ್ಟಿಗೆ ಕೆಳಗೆ ಚಾಚಿ, ಉಂಗುರದ ಬೆರಳನ್ನ ಎ ಮೇಲೆ ಎಳೆದು ತಂದು, ಇಡೀ ಮಣಿಕಟ್ಟು ಸೊಟ್ಟ ಮಾಡ್ತಾರೆ. ಒಂದೊಂದು ಕಾ, ಮಾ, ಯಾ ಗೂ ಇದೇ. ಬೆರಳು ಉರಿಯದೆ ಇನ್ನೇನಾಗಬೇಕು?

ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್. ಮೊದಲ ವಾರದಲ್ಲಿ ಕಲಿಸೋ ಪಾಠ ಇದು. ಡಿಟಿಪಿ ಅಂಗಡಿಯಲ್ಲಿ ನೋಡಿ ನೋಡಿ ಕಲಿತೋರಿಗೆ ಇದನ್ನ ಯಾರೂ ಹೇಳಿರೋದಿಲ್ಲ.

ಇನ್ನು ಕುಳಿತುಕೊಳ್ಳೋ ರೀತಿ. ಟೈಪ್‌ರೈಟರಿನಲ್ಲಿ ಮಣಿಕಟ್ಟು ಊರೋಕೆ ಜಾಗವೇ ಇರಲಿಲ್ಲ, ಕೈ ಗಾಳಿಯಲ್ಲೇ ಇರುತ್ತಿತ್ತು. ಸಾಲು ಮುಗಿದ ಮೇಲೆ ಕೈ ಎತ್ತಿ ಕ್ಯಾರೇಜ್ ತಳ್ಳಬೇಕಿತ್ತು, ಅದೇ ಒಂದು ವಿರಾಮ. ಕಂಪ್ಯೂಟರ್ ಬಂದ ಮೇಲೆ ಮಣಿಕಟ್ಟನ್ನ ಟೇಬಲ್ ಅಂಚಿಗೆ ಒತ್ತಿ ಗಂಟೆಗಟ್ಟಲೆ ಹೊಡೀತಾರೆ. ಕೀಬೋರ್ಡಿನ ಹಿಂದಿನ ಎರಡು ಕಾಲು ಮಡಚಿಬಿಡಿ. ಅದು ಎತ್ತರ ಇದ್ದಷ್ಟೂ ಮಣಿಕಟ್ಟು ಹಿಂದಕ್ಕೆ ಬಾಗುತ್ತೆ. ಮೊಣಕೈ ಮತ್ತು ಕೀಬೋರ್ಡ್ ಹೆಚ್ಚುಕಡಿಮೆ ಒಂದೇ ಎತ್ತರ ಬರಬೇಕು. ಪ್ಲಾಸ್ಟಿಕ್ ಕುರ್ಚಿ ಗಿಡ್ಡ ಆದ್ರೆ ಕೆಳಗೆ ದಪ್ಪ ದಿಂಬು ಹಾಕಿ. ಇದಕ್ಕೆಲ್ಲ ರೂಪಾಯಿ ಖರ್ಚಿಲ್ಲ.

ಕಡಗಂಚಿ_ಅನುವಾದಕಿ

ಮಾಸ್ತರ್ ಹೇಳಿದ್ದು ಸರಿ ಇದೆ, ಆದ್ರೆ ಅದೇ ಶಬ್ದವನ್ನ ಇನ್‌ಸ್ಕ್ರಿಪ್ಟ್‌ನಲ್ಲಿ (ಭಾರತದ ಭಾಷೆಗಳಿಗೆಲ್ಲ ಇರೋ ಇನ್ನೊಂದು ಕೀಬೋರ್ಡ್ ವಿನ್ಯಾಸ) ಹೊಡೆದು ನೋಡಿ. ನ್ಯಾಯಾಧೀಶರ ಕ್ಕೆ ಬರೀ ಎರಡು ಸಲ ಶಿಫ್ಟ್, ಧ ಕ್ಕೆ ಒಂದು, ಶ ಕ್ಕೆ ಒಂದು. ದೀರ್ಘಗಳಿಗೆಲ್ಲ ಬೇರೆ ಕೀ ಇವೆ. ವಿಂಡೋಸ್ ಜೊತೆಗೇ ಬರುತ್ತೆ, ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದ್ರೆ ಆಯ್ತು. ಸ್ವರ ಚಿಹ್ನೆಗಳು ಎಡಗೈಗೆ, ವ್ಯಂಜನ ಜಾಸ್ತಿ ಬಲಗೈಗೆ, ಹಾಗಾಗಿ ಕೈ ಎಡ ಬಲ ಎಡ ಬಲ ಅಂತ ಓಡುತ್ತೆ. ನಾನು ಅನುವಾದ ಎಲ್ಲಾ ಅದರಲ್ಲೇ ಮಾಡೋದು.

ಆದ್ರೆ ಹೋಳು ಕೀಬೋರ್ಡ್ ತಗೊಳ್ಳೋ ಇನ್‌ಸ್ಕ್ರಿಪ್ಟ್‌ನವರು ಒಂದು ವಿಷಯ ನೋಡಿಕೊಳ್ಳಿ, ಇದನ್ನ ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ನಮ್ಮ ವಿನ್ಯಾಸ 26 ಅಕ್ಷರದ ಕೀಗಳಲ್ಲಿ ಮುಗಿಯಲ್ಲ. ಡ ಇರೋದು ಚೌಕ ಕಂಸದ ಕೀ ಮೇಲೆ, ಪಿ ಪಕ್ಕದಲ್ಲಿ. ಒ ಕಾರದ ಚಿಹ್ನೆ ಇರೋದು ಎಡಗಡೆ ಮೂಲೆಯಲ್ಲಿ, ಒಂದರ ಅಂಕಿಯ ಪಕ್ಕದ ಕೀ ಮೇಲೆ. ಹಿಂದಿಯವರಿಗೆ ಆ ಮೂಲೆಯ ಕೀ ಅಷ್ಟಾಗಿ ಬೇಕಾಗಲ್ಲ. ನಮಗೆ "ಕೊಡು" ಅನ್ನೋಕೇ ಆ ಎರಡೂ ಕೀ ಬೇಕು! ನನ್ನ ಗೆಳತಿಯ ಕೋರ್ನೆಯಲ್ಲಿ ಕೂತು "ಮಾಡಿಕೊಡಬೇಕೆಂದು ಕೋರಿಕೊಳ್ಳುತ್ತೇನೆ" ಹೊಡೆಯೋಕೆ ಹೋದೆ, ಡ ಎಲ್ಲಿ ಅಂತ ಹುಡುಕಿದ್ದೇ ಹುಡುಕಿದ್ದು. ನುಡಿಯ ವಿನ್ಯಾಸಕ್ಕೆ ಈ ಕಾಟ ಇಲ್ಲ, ಅದು 26 ಕೀಗಳಲ್ಲೇ ಕೂರುತ್ತೆ, ಅದಕ್ಕೇ ಶಿಫ್ಟ್ ಜಾಸ್ತಿ.

ಇನ್ನೊಂದು, ಬಿ ಕೀ ಎಡ ಹೋಳಿನಲ್ಲಿ ಇರುತ್ತೆ. ಅದನ್ನ ಬಲಗೈಯಿಂದ ಒತ್ತೋ ಅಭ್ಯಾಸ ಇದ್ದೋರಿಗೆ ಮೊದಮೊದಲು ಬೆರಳು ಖಾಲಿ ಜಾಗಕ್ಕೆ ಬೀಳುತ್ತೆ.

ಶಾರದಾ_ಡಿಟಿಪಿ (ಕಲಬುರಗಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ.

ಮಾಸ್ತರ್, ನಾನು ಬಲ ಶಿಫ್ಟ್ ಮುಟ್ಟೋದೇ ಇಲ್ಲ. ನನ್ನ ಕೀಬೋರ್ಡಿನಲ್ಲಿ ಎಡ ಶಿಫ್ಟಿನ ಗುರುತು ಅಳಿಸಿ ಹೋಗಿದೆ, ಬಲಗಡೆಯದ್ದು ಅಂಗಡಿಯಿಂದ ತಂದ ಹಾಗೇ ಇದೆ! ಈಗ ಬಲಗಡೆಯದ್ದು ಒತ್ತೋಕೆ ನೋಡ್ತಿದ್ದೀನಿ. ವಕೀಲರು ಪಕ್ಕದಲ್ಲಿ ನಿಂತರೆ ಕೈ ತಾನೇ ಎಡಕ್ಕೆ ಓಡುತ್ತೆ.

ಎರಡು ಕೀಬೋರ್ಡ್ ಇಟ್ಟೂ ನೋಡಿದೆ. ಮಾಲೀಕರು "ಇದೇನು ಹಾರ್ಮೋನಿಯಂ ಜುಗಲ್‌ಬಂದಿ" ಅಂದ್ರು. ಆದ್ರೆ ಭುಜ, ಕುತ್ತಿಗೆ ಹಿಂದೆ ನಿಜವಾಗ್ಲೂ ಹಗುರ ಅನ್ನಿಸ್ತು. ಮಣಿಕಟ್ಟೂ ನೇರ ಇತ್ತು. ಕಿರುಬೆರಳಿಗೆ ಮಾತ್ರ ಏನೂ ವ್ಯತ್ಯಾಸ ಇಲ್ಲ, ಶಿಫ್ಟ್ ಅಲ್ಲೇ ಇದೆಯಲ್ಲ.

ಅನುವಾದಕಿ ಅಕ್ಕಾ, ಇನ್‌ಸ್ಕ್ರಿಪ್ಟ್ ಈಗ ಕಲಿಯೋದು ನನ್ನಿಂದ ಆಗಲ್ಲ. ಅಂಗಡಿಯ ಹಳೇ ಫೈಲುಗಳೆಲ್ಲ ನುಡಿಯಲ್ಲೇ ಇವೆ, ಕೈ ಅದಕ್ಕೇ ಒಗ್ಗಿಬಿಟ್ಟಿದೆ.

ರಾತ್ರಿ ಜೋಮಿನ ಬಗ್ಗೆ ಯಾರೂ ಹೇಳಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತೆ. ಕೈ ಝಾಡಿಸಿದ್ರೆ ಹೋಗುತ್ತೆ.

ಸೇಡಂ_ಫಿಸಿಯೋ

ಅಕ್ಕಾ, ಆ ಕೊನೆಯ ಸಾಲಿಗಾಗಿಯೇ ಬರೀತಿದ್ದೀನಿ. ಕಿರುಬೆರಳಿನ ಉರಿ ಮತ್ತು ರಾತ್ರಿಯ ಜೋಮು ಎರಡನ್ನೂ ಒಂದೇ ಅಂತ ತಿಳಿಯಬೇಡಿ. ಕಿರುಬೆರಳಿನದು ಚಾಚಿ ಚಾಚಿ ಸ್ನಾಯು ಮತ್ತು ಸ್ನಾಯುರಜ್ಜು ದಣಿದದ್ದು ಇರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋಗೋ ನರ ಬೇರೆ, ಮೀಡಿಯನ್ ನರ ಅಂತಾರೆ, ಅದು ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದು ಹೋಗುತ್ತೆ. ಅಲ್ಲಿ ಒತ್ತಡ ಬಿದ್ರೆ ಈ ಬೆರಳುಗಳು ಜೋಮು ಹಿಡೀತವೆ, ರಾತ್ರಿ ಜಾಸ್ತಿ, ಕೈ ಝಾಡಿಸಿದ್ರೆ ಕಡಿಮೆ. ಕಾರ್ಪಲ್ ಟನಲ್ ಅನ್ನೋದು ಇದನ್ನೇ. ಕಿರುಬೆರಳಿನ ನರ ಬೇರೆ, ಅದು ಮೊಣಕೈ ಹಿಂದಿನಿಂದ ಬರುತ್ತೆ.

ಅದೇ ಇದೆ ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ. ಎಲುಬಿನ ಡಾಕ್ಟರ್ ಅಥವಾ ನರದ ಡಾಕ್ಟರ್ ಹತ್ತಿರ ತೋರಿಸಿ. ಬೇಕಾದ್ರೆ ಅವರು ನರದ ಪರೀಕ್ಷೆ ಬರೆದುಕೊಡ್ತಾರೆ. ಸಕ್ಕರೆ, ಥೈರಾಯ್ಡ್ ಎರಡನ್ನೂ ನೋಡಿಸಿ, ಅವು ಇದ್ದೋರಲ್ಲಿ ಇದು ಜಾಸ್ತಿ ಕಾಣುತ್ತೆ. ಶುರುವಿನಲ್ಲಿದ್ರೆ ರಾತ್ರಿ ಮಲಗುವಾಗ ಮಣಿಕಟ್ಟು ನೇರ ಇಡೋ ಪಟ್ಟಿ ಕಟ್ಟಿಕೊಳ್ಳೋಕೆ ಹೇಳ್ತಾರೆ, ಎಷ್ಟೋ ಜನರಿಗೆ ಅಷ್ಟಕ್ಕೇ ಕಡಿಮೆ ಆಗುತ್ತೆ. ಹೆಬ್ಬೆರಳಿನ ಬುಡದ ಮಾಂಸ ಇಳಿದಂತೆ ಕಂಡ್ರೆ, ಲೋಟ ಕೈಯಿಂದ ಜಾರೋಕೆ ಶುರು ಆದ್ರೆ ತಡ ಮಾಡಲೇಬೇಡಿ.

ಕೀಬೋರ್ಡ್ ಔಷಧಿ ಅಲ್ಲ. ಕೈ ನೇರ ಇಡೋಕೆ ಸಹಾಯ ಮಾಡುತ್ತೆ ಅಷ್ಟೇ. ಮಣಿಕಟ್ಟಿನ ಕೆಳಗೆ ಇಡೋ ಮೆತ್ತನೆ ದಿಂಬು ಇದೆಯಲ್ಲ, ಅದು ಟೈಪ್ ಮಾಡೋದು ನಿಲ್ಲಿಸಿದಾಗ ಕೈ ಇಡೋಕೆ. ಅದರ ಮೇಲೆ ಊರಿಕೊಂಡೇ ಹೊಡೆದ್ರೆ ಆ ನರದ ಮೇಲೇ ಭಾರ ಬೀಳುತ್ತೆ. ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಅದರ ರೆಕ್ಸಿನ್ ಕೈಗೆ ಅಂಟಿಕೊಳ್ಳೋದು ಬೇರೆ!

ಬೀದರ್_ಬೆಸುಗೆ

ಫಿಸಿಯೋ ಅವರು ಹೇಳಿದ್ದನ್ನ ಮೊದಲು ಮಾಡಿ ಅಕ್ಕಾ. ಕೀಬೋರ್ಡ್ ಎಲ್ಲಿಗೂ ಓಡಿ ಹೋಗಲ್ಲ.

ಮಾಸ್ತರ್, ನಾನು ಮಾರೋನಲ್ಲ ರೀ, ಒಂದು ಪೈಸೆ ಲಾಭ ಇಲ್ಲ. ಬಲ ಶಿಫ್ಟಿನ ಮಾತು ಒಪ್ಪಿದೆ. ಆದ್ರೆ ಬಲ ಶಿಫ್ಟ್ ಒತ್ತೋದೂ ಕಿರುಬೆರಳೇ ಅಲ್ವಾ? ಎಡ ಕಿರುಬೆರಳಿನ ಭಾರದಲ್ಲಿ ಅರ್ಧ ಬಲಕ್ಕೆ ಹೋಗುತ್ತೆ. ಎ ಹೊಡೆಯುವಾಗ ಸೊಟ್ಟ ಆಗೋದು ತಪ್ಪುತ್ತೆ, ಅದು ದೊಡ್ಡದೇ. ಆದ್ರೂ ನ್ಯಾಯಾಧೀಶರಿಗೆ ಐದು ಶಿಫ್ಟ್ ಅಂದ್ರೆ ಐದೇ. ಸಾಲುಗಳು ಓರೆಯಾಗಿರೋದೂ, ಸ್ಪೇಸ್‌ಬಾರ್ ಒಂದೇ ಇರೋದೂ 1870ರ ದಶಕದ ಟೈಪ್‌ರೈಟರಿನ ಕಾಲದ್ದು, ಆಗ ಕೀಗಳ ಕೆಳಗಿನ ಸರಳುಗಳು ಒಂದಕ್ಕೊಂದು ತಗಲದಂತೆ ಓರೆ ಜೋಡಿಸಬೇಕಿತ್ತು. ಈಗ ಸರಳೂ ಇಲ್ಲ, ಕ್ಯಾರೇಜೂ ಇಲ್ಲ, ನಮ್ಮ ಬೆರಳು ಮಾತ್ರ ಓರೆಯಾಗಿ ಓಡಬೇಕಾ?

ಶಾರದಕ್ಕಾ, ದುಡ್ಡು ಹಾಕದೆ ಇನ್ನೊಂದು ಮಾಡಬಹುದು. ವಿಂಡೋಸ್‌ನಲ್ಲೇ ಸ್ಟಿಕಿ ಕೀಸ್ ಅಂತ ಇದೆ. ಶಿಫ್ಟನ್ನ ಐದು ಸಲ ಸತತ ಒತ್ತಿದ್ರೆ ಒಂದು ಕಿಟಕಿ ತೆರೆದು ಬೇಕಾ ಅಂತ ಕೇಳುತ್ತಲ್ಲ, ಎಲ್ಲರೂ ಬೈದು ಮುಚ್ಚೋ ಆ ಕಿಟಕಿ, ಅದೇ! ಅದನ್ನ ಹೌದು ಅಂದ್ರೆ ಶಿಫ್ಟ್ ಹಿಡಿದುಕೊಂಡಿರಬೇಕಿಲ್ಲ. ಒಮ್ಮೆ ತಟ್ಟಿ ಬಿಟ್ಟು, ಆಮೇಲೆ ಎ ಒತ್ತಿದ್ರೆ ಸಾಕು. ಚಾಚಿ ಹಿಡಿಯೋ ಕೆಲಸ ಹೋಗಿ ತಟ್ಟೋ ಕೆಲಸ ಉಳಿಯುತ್ತೆ. ಎರಡು ಸಲ ತಟ್ಟಿದ್ರೆ ಶಿಫ್ಟ್ ಅಲ್ಲೇ ನಿಂತುಬಿಡುತ್ತೆ, ಆಗ ಗಾಬರಿ ಬೇಡ, ಇನ್ನೊಮ್ಮೆ ತಟ್ಟಿ. ನಿಮ್ಮ ನುಡಿಯ ಆವೃತ್ತಿಯಲ್ಲಿ ನಾಲ್ಕು ಸಾಲು ಹೊಡೆದು ಪರೀಕ್ಷಿಸಿ, ಆಮೇಲೆ ಕೆಲಸಕ್ಕೆ ಇಳಿಸಿ.

ಯಾದಗಿರಿ_ಟೈಪಿಂಗ್_ಮಾಸ್ತರ್

ತಮ್ಮಾ, ಹೆಬ್ಬೆರಳಿಗೆ ಶಿಫ್ಟ್ ಅನ್ನೋದು ಕೆಟ್ಟ ವಿಚಾರ ಅಂತ ನಾನು ಎಲ್ಲಿ ಹೇಳಿದೆ? ಕೈ ಸರಿಯಾಗಿ ಇಡೋದು ಕಲಿಯದೆ ಎಂಥ ಕೀಬೋರ್ಡ್ ತಂದ್ರೂ ಅಲ್ಲಿಯೂ ಹೊಸ ನೋವು ಹುಡುಕಿಕೊಳ್ತಾರೆ ಅನ್ನೋದು ನನ್ನ ವಾದ. ಇನ್ನೊಂದು ನೆನಪಿರಲಿ, ಟೈಪಿಂಗ್ ಪರೀಕ್ಷೆಗೋ ಸರ್ಕಾರಿ ಕೆಲಸದ ಪರೀಕ್ಷೆಗೋ ಕೂರೋರಿದ್ರೆ ಅಲ್ಲಿ ಮಾಮೂಲಿ ಕೀಬೋರ್ಡೇ ಇರುತ್ತೆ. ಹೆಬ್ಬೆರಳು ಶಿಫ್ಟಿಗೆ ಒಗ್ಗಿದ ಮೇಲೆ ಅಲ್ಲಿ ಸ್ಪೇಸ್ ಬೀಳುತ್ತೆ, ನ್ಯಾ ಯಾ ಧೀ ಶ ರ ಎಲ್ಲಾ ಬಿಡಿ ಬಿಡಿ.

ಶಾರದಾ_ಡಿಟಿಪಿ (ಕಲಬುರಗಿ)

ಪರೀಕ್ಷೆ ಗಿರೀಕ್ಷೆ ಏನಿಲ್ಲ ಮಾಸ್ತರ್, ಆ ವಯಸ್ಸು ದಾಟಿತು.

ಡಾಕ್ಟರ್ ಹತ್ತಿರ ಹೋಗಿದ್ದೆ. ರಾತ್ರಿ ಕಟ್ಟಿಕೊಳ್ಳೋಕೆ ಪಟ್ಟಿ ಕೊಟ್ಟಿದ್ದಾರೆ, ರಕ್ತ ಪರೀಕ್ಷೆ ಬರೆದಿದ್ದಾರೆ. ಕುರ್ಚಿಗೆ ದಿಂಬು ಬಂತು, ಕೀಬೋರ್ಡಿನ ಕಾಲು ಮಡಚಿ ಆಯ್ತು. ಸ್ಟಿಕಿ ಕೀಸ್ ನಮ್ಮ ನುಡಿಯಲ್ಲಿ ನಡೀತಿದೆ, ಆದ್ರೆ ನಡುವೆ ಬೇರೆಯವರು ಅದೇ ಕಂಪ್ಯೂಟರಿಗೆ ಕೂತರೆ ಅವರಿಗೆ ಗೊಂದಲ. ಹಾಗಾಗಿ ಕೀಬೋರ್ಡ್ ಒಂದು ನನ್ನದೇ ಬೇಕು ಅನ್ನಿಸ್ತಿದೆ, ಬರುವಾಗ ಚುಚ್ಚಿ ಹೋಗುವಾಗ ಬ್ಯಾಗಿನಲ್ಲಿ ಒಯ್ಯೋ ಹಾಗೆ. ದೀಪಾವಳಿ ಬೋನಸ್ ಬಂದ ಮೇಲೆ ನೋಡೋಣ ಅಂತ ಇದ್ದೀನಿ.

ಎರಡು ಪ್ರಶ್ನೆ. ವಕೀಲರು ಬಾಯಿಂದ ಹೇಳಿ ಬರೆಸ್ತಾರೆ, ಟಕಟಕ ಸದ್ದಾದ್ರೆ ಕೇಳಿಸಲ್ಲ. ಸದ್ದು ಕಡಿಮೆ ಇರೋದು ಯಾವುದು? ಮತ್ತೆ ನಮ್ಮ ಅಂಗಡಿ ಹಿಂದೆಯೇ ಬೇಳೆ ಮಿಲ್ಲು, ಟೇಬಲ್ ಮೇಲೆ ದಿನಾ ಹಳದಿ ಧೂಳು ಕೂರುತ್ತೆ, ಅದಕ್ಕೆ ಏನು ಮಾಡೋದು?

ಬೀದರ್_ಬೆಸುಗೆ

ಸದ್ದಿಗೆ: ಒಂದೊಂದು ಕೀ ಕೆಳಗೂ ಒಂದೊಂದು ಸ್ವಿಚ್ ಇರುತ್ತೆ, ಬಣ್ಣದ ಮೇಲೆ ಅದರ ಜಾತಿ. ನೀಲಿ ಸ್ವಿಚ್ ಬೇಡವೇ ಬೇಡ, ಅದು ಟಕ್ ಅನ್ನೋಕೇ ಹುಟ್ಟಿದ್ದು. ಕೆಂಪು ತಗೊಳ್ಳಿ, ಅದು ನೇರ ಇಳಿಯುತ್ತೆ, ಒತ್ತೋಕೆ ಹಗುರ. ಚೆರಿ ಕಂಪನಿಯವರ ಕೆಂಪಿಗೆ 45 ಗ್ರಾಂನಷ್ಟು ಬಲ ಸಾಕು, ಕಂದುಗೆ 55. ಸೈಲೆಂಟ್ ಕೆಂಪು ಅಂತಲೂ ಬರುತ್ತೆ, ಒಳಗೆ ರಬ್ಬರ್ ಇರುತ್ತೆ. ಮಾಮೂಲಿ ಕೆಂಪಿನಲ್ಲಿ ಕೀ ಇಳಿಯೋದು ಒಟ್ಟು 4 ಮಿಲಿಮೀಟರ್, ಅಕ್ಷರ ಬೀಳೋದು 2 ಮಿಲಿಮೀಟರಿಗೇ, ತಳ ಮುಟ್ಟೋ ತನಕ ಗುದ್ದಬೇಕಿಲ್ಲ. ಟೈಪ್‌ರೈಟರಿನಲ್ಲಿ ಕಲಿತೋರು ಮಾತ್ರ ಗುದ್ದೋದು ಬಿಡಲ್ಲ (ಮಾಸ್ತರ್, ಕ್ಷಮಿಸಿ!).

ಧೂಳಿಗೆ: ಸ್ವಿಚ್ಚನ್ನ ಕಿತ್ತು ಬದಲಾಯಿಸಬಹುದಾದ ಬೋರ್ಡ್ ಕೇಳಿ, ಹಾಟ್‌ಸ್ವಾಪ್ ಅಂತಾರೆ. ಒಂದು ಕೀ ಕೆಟ್ಟರೆ ಅದೊಂದನ್ನೇ ಕಿತ್ತು ಹೊಸದು ಕೂರಿಸಿದ್ರೆ ಆಯ್ತು, ಬೆಸುಗೆ ಬೇಡ. ಸಂಜೆ ಹೋಗುವಾಗ ಮೇಲೆ ಒಂದು ಬಟ್ಟೆ ಮುಚ್ಚಿ.

ಒಂದು ಮಾತು. ನನ್ನ ಹತ್ತಿರ ಹಳೇ ಲಿಲಿ58 ಒಂದು ಸುಮ್ನೆ ಬಿದ್ದಿದೆ, ಕೆಂಪು ಸ್ವಿಚ್ಚೇ. ಎಡ ಹೆಬ್ಬೆರಳಿಗೆ ಶಿಫ್ಟ್ ಹಾಕಿ ಕಳಿಸ್ತೀನಿ, ಬೋನಸ್ ಬರೋವರೆಗೆ ಇಟ್ಟುಕೊಂಡು ನೋಡಿ. ಒಗ್ಗಲಿಲ್ಲ ಅಂದ್ರೆ ವಾಪಸ್ ಕಳಿಸಿ, ನಿಮ್ಮ ದುಡ್ಡು ಉಳೀತು. ಮೊದಲು ಮನೆಯಲ್ಲಿ ಸಂಜೆ ಹೊತ್ತು ಹಳೇ ಅರ್ಜಿ ಇಟ್ಟುಕೊಂಡು ಹೊಡೆದು ರೂಢಿ ಮಾಡಿಕೊಳ್ಳಿ, ವೇಗ ಇಳಿದೇ ಇಳಿಯುತ್ತೆ, ವಕೀಲರ ಮುಂದೆ ಶುರು ಮಾಡಬೇಡಿ. ಎರಡು ಹೋಳಿನ ನಡುವೆ ಹೆಡ್‌ಫೋನಿನ ಹಾಗೆ ಕಾಣೋ ಒಂದು ವೈರ್ ಇರುತ್ತೆ, ಯುಎಸ್‌ಬಿ ಚುಚ್ಚಿದ್ದಾಗ ಅದನ್ನ ಕೀಳೋದಾಗಲಿ ಹಾಕೋದಾಗಲಿ ಮಾಡಬೇಡಿ, ಒಳಗೆ ಶಾರ್ಟ್ ಆಗಿ ಚಿಪ್ ಸುಟ್ಟು ಹೋಗಬಹುದು. ಮೊದಲು ಯುಎಸ್‌ಬಿ ತೆಗೀರಿ, ಆಮೇಲೆ ಅದು. ಅಂಗಡಿಯ ವಿಳಾಸ ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ನನಗೊಬ್ಬನಿಗೆ ಮೆಸೇಜ್ ಮಾಡಿ.